ನಿಂಟೆಂಡೊ ಬೀಗ ಮತ್ತು ನಾಲ್ಕನೇ ಪಿನ್

ನಿಂಟೆಂಡೊ ಕಂಪನಿಯ ಹಳೇ ಗೇಮ್ ಕನ್ಸೋಲ್ ಎನ್‌ಇಎಸ್ ಇಟ್ಟುಕೊಂಡವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಕ್ಯಾಸೆಟ್ ಹಾಕಿ ಪವರ್ ಒತ್ತಿದರೆ ಕೆಂಪು ಲೈಟ್ ಸೆಕೆಂಡಿಗೊಮ್ಮೆ ಆರಿ ಹತ್ತುತ್ತದೆ. ಟಿವಿಯಲ್ಲೂ ಅದೇ ಮಿನುಗಾಟ. ಹೆಚ್ಚಿನ ಸಲ ಕನ್ಸೋಲ್ ಕೆಟ್ಟಿರುವುದಿಲ್ಲ. ಒಳಗಿರುವ ಬೀಗದ ಚಿಪ್ ಅದನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿರುತ್ತದೆ.

ಎನ್‌ಇಎಸ್‌ನ ಮೂಲ ಜಪಾನಿ ರೂಪ, 1983ರಲ್ಲಿ ಅಲ್ಲಿ ಬಂದ ಫ್ಯಾಮಿಕಾಮ್‌ನಲ್ಲಿ ಈ ಚಿಪ್ ಇರಲಿಲ್ಲ. ನಮ್ಮಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳಲ್ಲಿ ಬಹಳಷ್ಟು ಅದರದೇ ನಕಲು, ಹಾಗಾಗಿ ಅವಕ್ಕೂ ಬೀಗದ ರಗಳೆ ಇರಲಿಲ್ಲ. ಅಮೆರಿಕದ ಕಥೆಯೇ ಬೇರೆ. ಯಾರು ಬೇಕಾದರೂ ಗೇಮ್ ಮಾಡಿ ಮಾರುತ್ತಿದ್ದರು, ಅಂಗಡಿಗಳಲ್ಲಿ ಕಳಪೆ ಮಾಲು ರಾಶಿ ಬಿದ್ದಿತ್ತು, 1983ರಲ್ಲಿ ಮಾರುಕಟ್ಟೆಯೇ ಕುಸಿಯಿತು. 1985ರಲ್ಲಿ ಎನ್‌ಇಎಸ್ ಅಲ್ಲಿಗೆ ಹೋದಾಗ ನಿಂಟೆಂಡೊ ‘10ಎನ್‌ಇಎಸ್’ ಎಂಬ ಬೀಗ ಹಾಕಿ ಕಳಿಸಿತು. ಕನ್ಸೋಲಿನಲ್ಲೊಂದು ಚಿಪ್, ಕ್ಯಾಸೆಟ್ಟಿನಲ್ಲೊಂದು. ಎರಡೂ ಒಂದೇ ಲೆಕ್ಕ ಮಾಡಿ ಉತ್ತರ ತಾಳೆ ನೋಡುತ್ತವೆ. ತಾಳೆಯಾಗದಿದ್ದರೆ ರೀಸೆಟ್. ಯುರೋಪಿನ ಚಿಪ್‌ಗಳಿಗೆ ಬೇರೆ ಲೆಕ್ಕ ಕೊಟ್ಟರು, ಅದರಲ್ಲೂ ಬ್ರಿಟನ್ನಿಗೆ ಒಂದು, ಜರ್ಮನಿಗೆ ಇನ್ನೊಂದು. ಬ್ರಿಟನ್ನಿನ ಕ್ಯಾಸೆಟ್ ಜರ್ಮನಿಯ ಕನ್ಸೋಲಿನಲ್ಲೂ ಓಡದಂತಾಯಿತು!

ಇದನ್ನು ಮುರಿಯಲು ಕೆಲವು ಕಂಪನಿಗಳು ಚಿಪ್‌ಗೆ ಕರೆಂಟಿನ ಶಾಕ್ ಕೊಟ್ಟು ಮಂಕು ಮಾಡಿದವು. ಅಟಾರಿ ಗೇಮ್ಸ್ ಬೇರೆ ದಾರಿ ಹಿಡಿಯಿತು. ಸುಳ್ಳು ಕಾರಣ ಹೇಳಿ ಅಮೆರಿಕದ ಕಾಪಿರೈಟ್ ಕಚೇರಿಯಿಂದಲೇ ಬೀಗದ ಪ್ರೋಗ್ರಾಂ ಪ್ರತಿ ತರಿಸಿಕೊಂಡು, ‘ರ‍್ಯಾಬಿಟ್’ ಎಂಬ ತನ್ನದೇ ಕೀಲಿ ಮಾಡಿತು. 1992ರಲ್ಲಿ ಮೇಲ್ಮನವಿ ಕೋರ್ಟು ಆ ಕೀಲಿಯ ಮೇಲಿದ್ದ ತಡೆಯಾಜ್ಞೆಯನ್ನೇ ಎತ್ತಿಹಿಡಿಯಿತು.

ಆದರೆ ಬೀಗದ ಬಿಸಿ ಜಾಸ್ತಿ ತಟ್ಟಿದ್ದು ದುಡ್ಡು ಕೊಟ್ಟು ಅಸಲಿ ಕ್ಯಾಸೆಟ್ ಕೊಂಡವರಿಗೆ. ಕನ್ಸೋಲಿನ 72 ಪಿನ್ ಕನೆಕ್ಟರ್ ಬರುಬರುತ್ತಾ ಸಡಿಲವಾಗುತ್ತದೆ. ಚಿಪ್‌ಗಳ ಮಾತುಕತೆ ಒಂದು ಕ್ಷಣ ತಪ್ಪಿದರೂ ಆಟ ಶುರುವೇ ಆಗುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಬಂದ ಹೊಸ ಮಾದರಿಯಲ್ಲಿ ನಿಂಟೆಂಡೊ ಆ ಚಿಪ್ಪನ್ನೇ ಕೈಬಿಟ್ಟಿತು.

ಹಳೇ ಮಾದರಿಗೆ ಪರಿಹಾರ ಸುಲಭ. ಬೀಗಕ್ಕೂ ಕೀಲಿಗೂ ಇರುವುದು ಒಂದೇ ಬಗೆಯ ಚಿಪ್. ನಾಲ್ಕನೇ ಪಿನ್‌ಗೆ 5 ವೋಲ್ಟ್ ಸಿಕ್ಕರೆ ಅದು ಬೀಗ, ಗ್ರೌಂಡ್ (ಸೊನ್ನೆ ವೋಲ್ಟ್) ಸಿಕ್ಕರೆ ಕೀಲಿ. ಆ ಪಿನ್ನನ್ನು ಬೋರ್ಡಿನಿಂದ ಎಬ್ಬಿಸಿ, ಸಣ್ಣ ವೈರಿನಿಂದ ಗ್ರೌಂಡಿಗೆ ಬೆಸುಗೆ ಹಾಕಿದರೆ ಸಾಕು. ಕನ್ಸೋಲಿನ ಚಿಪ್ ತಾನೇ ಕೀಲಿ ಅಂದುಕೊಳ್ಳುತ್ತದೆ, ರೀಸೆಟ್ ಮಾಡುವುದಿಲ್ಲ. ಸುಮ್ನೆ ಕತ್ತರಿಸಿ ಬಿಡಬೇಡಿ, ಎಲ್ಲಿಗೂ ಸೇರದೆ ತೇಲುವ ಪಿನ್‌ನ ಭರವಸೆ ಇಲ್ಲ. ಹಳೇ ಯಂತ್ರ ಉಳಿಯಬೇಕೆಂದರೆ ಇದನ್ನು ಮಾಡಲೇಬೇಕು ಅನ್ನುವವನು ನಾನು.

ಒಂದು ಮಾತು ನೆನಪಿರಲಿ. ಬೀಗ ಹೋದರೂ ಟಿವಿ ಪದ್ಧತಿ ಬದಲಾಗುವುದಿಲ್ಲ. ಅಮೆರಿಕದ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ) ಗೇಮ್ ಯುರೋಪಿನ 50 ಹರ್ಟ್ಜ್ ಕನ್ಸೋಲಿನಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ಓಡುತ್ತದೆ, ಸಂಗೀತವೂ ಅಷ್ಟೇ ಎಳೆಯುತ್ತದೆ.