ಹದಿನಾರಾಣೆಯ ಲೆಕ್ಕ

ಆಣೆಯ ನಾಣ್ಯವನ್ನು ಎಂದೂ ಕೈಯಲ್ಲಿ ಹಿಡಿಯದ ಹುಬ್ಬಳ್ಳಿಯ ಹುಡುಗನೂ ‘ಅಂವ ಹೇಳಿದ್ದು ಹದಿನಾರಾಣೆ ಖರೆ’ ಎನ್ನುತ್ತಾನೆ. ನೂರು ಪೈಸೆಯ ರೂಪಾಯಿ ಬಂದು ಇಷ್ಟು ಕಾಲವಾದರೂ ‘ನೂರು ಪೈಸೆ ಖರೆ’ ಎಂಬ ಮಾತು ಹುಟ್ಟಲಿಲ್ಲ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ ಇದ್ದವು. ತೂಕದ ಸೇರಿಗೂ 16 ಛಟಾಕು. ಹದಿನಾರನ್ನು ಅರ್ಧ ಮಾಡುತ್ತ ಹೋದರೆ ಎಂಟು, ನಾಲ್ಕು, ಎರಡು, ಒಂದು ಎಂದು ಎಲ್ಲಿಯೂ ಮುರಿಯದೆ ಇಳಿಯುತ್ತದೆ. ತಕ್ಕಡಿ ಹಿಡಿದವನಿಗೆ ಇದಕ್ಕಿಂತ ಹೆಚ್ಚಿನ ಗಣಿತ ಬೇಕಿರಲಿಲ್ಲ. ಎರಡರ ನಾಲ್ಕನೇ ಘಾತವೂ ನಾಲ್ಕರ ಎರಡನೇ ಘಾತವೂ ಹದಿನಾರೇ. ಹೀಗೆ ಅದಲುಬದಲು ಮಾಡಿದರೂ ಒಂದೇ ಉತ್ತರ ಕೊಡುವ ಬೇರೆ ಬೇರೆ ಧನ ಪೂರ್ಣಾಂಕಗಳ ಜೋಡಿ ಇದೊಂದೇ. ಆದರೆ ಮೂರು ಜನ ಅಣ್ಣತಮ್ಮಂದಿರು ಒಂದು ರೂಪಾಯಿ ಹಂಚಿಕೊಳ್ಳಲು ಕೂತರೆ ಹದಿನಾರು ಕೈಕೊಡುತ್ತಿತ್ತು, ಆಗ ನೆರವಿಗೆ ಬರುತ್ತಿದ್ದುದು ಪೈ: ತಲೆಗೆ ಐದಾಣೆ ನಾಲ್ಕು ಪೈ, ಉಳಿಕೆ ಸೊನ್ನೆ.

ಅರ್ಧಿಸುವ ಈ ಗುಣ ಸಂಗೀತಕ್ಕೂ ಒಗ್ಗಿದೆ. ಗದಗ, ಧಾರವಾಡಗಳಲ್ಲಿ ತಬಲಾ ಕಲಿಯುವವರು ಮೊದಮೊದಲು ಕೈಗೆ ಹತ್ತಿಸಿಕೊಳ್ಳುವ ತೀನತಾಲಕ್ಕೆ 16 ಮಾತ್ರೆ (ತಾಳದ ಎಣಿಕೆ), ನಾಲ್ಕು ನಾಲ್ಕರ ನಾಲ್ಕು ವಿಭಾಗ. ಒತ್ತು ಬೀಳುವ ಸಮ್ ಮೊದಲನೆಯ ಮಾತ್ರೆಯ ಮೇಲೆ, ಚಪ್ಪಾಳೆಯಿಲ್ಲದೆ ಕೈ ಬೀಸಿ ತೋರುವ ಖಾಲಿ ಸರಿಯಾಗಿ ದ್ವಿತೀಯಾರ್ಧ ಆರಂಭವಾಗುವ ಒಂಬತ್ತನೆಯದರ ಮೇಲೆ. ಪೂಜೆಯ ಷೋಡಶೋಪಚಾರ, ಚಂದ್ರನ ಹದಿನಾರು ಕಲೆಗಳು ಎಲ್ಲರಿಗೂ ಗೊತ್ತಿರುವಂಥವೇ.

ಹೊಸ ಪೈಸೆ ಬಂದಾಗ ಒಂದಾಣೆಗೆ ಆರೂಕಾಲು, ಎರಡಾಣೆಗೆ ಹನ್ನೆರಡೂವರೆ ಎಂಬ ಒಡಕು ಲೆಕ್ಕ ಎದುರಾಯಿತು. ಆಣೆಯ ನಾಣ್ಯಗಳ ಪೈಕಿ ನಾಲ್ಕಾಣೆಗೆ 25, ಎಂಟಾಣೆಗೆ 50 ಮಾತ್ರ ಸರಿಹೊಂದಿದವು. ಹೊಸ ನಾಣ್ಯಗಳಿಗೂ ಹಳೆಯ ಆ ಎರಡು ಹೆಸರುಗಳೇ ಅಂಟಿಕೊಂಡದ್ದು ಅದಕ್ಕೇ ಇರಬೇಕು. 25 ಪೈಸೆಯ ನಾಣ್ಯದ ಚಲಾವಣೆ 2011ರ ಜೂನ್ ಕೊನೆಗೆ ನಿಂತಿತು.

ಆಣೆ ಗಟ್ಟಿಯಾಗಿ ಬೇರೂರಿದ್ದು ಭೂಮಿಯ ಲೆಕ್ಕದಲ್ಲಿ. 1956ರವರೆಗೆ ಮುಂಬಯಿಗೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ (ಈಗಿನ ಗದಗ, ಹಾವೇರಿಗಳೂ ಆಗ ಅದರೊಳಗೇ ಇದ್ದವು) ಮಣ್ಣಿನ ತರವನ್ನೂ ಆಣೆಯಲ್ಲೇ ಅಳೆಯುತ್ತಿದ್ದರು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಾಗೆ ನೋಡಿದರೆ ಒಂದಾಣೆ ಜಾಗವೆಂದರೆ 68 ಚದರಡಿಗೆ ತುಸು ಹೆಚ್ಚು, ಎರಡು ಹೊರಸು ಹಾಕಿದರೆ ತುಂಬಿಹೋಗುವ ಕೋಣೆ. ಇಂದು ಗಣಕಯಂತ್ರದಿಂದ ಹೊರಬರುವ ಪಹಣಿಯಲ್ಲಿಯೂ ಎಕರೆ, ಗುಂಟೆಗಳ ಪಕ್ಕದಲ್ಲಿ ಆಣೆಗೊಂದು ಸ್ಥಾನ ಉಳಿದಿದೆ.