ಸೆಲ್ಲಿಂಗ್: ಏಟು ತಿನ್ನುವವನ ಕೆಲಸ

ಪ್ರೊ ರೆಸ್ಲಿಂಗ್ ನೋಡುವವರ ಮಾತಿನಲ್ಲಿ ಪದೇ ಪದೇ ಬರುವ ಪದ ‘ಸೆಲ್ಲಿಂಗ್’. ‘ಅವನು ಎಷ್ಟು ಚೆನ್ನಾಗಿ ಸೆಲ್ ಮಾಡ್ತಾನೆ’, ‘ಇವನು ಸೆಲ್ಲೇ ಮಾಡಲ್ಲ’ ಅಂತ ಅಭಿಮಾನಿಗಳು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅರ್ಥ ಸರಳ. ಎದುರಾಳಿ ಹೊಡೆದಾಗ ಆ ಏಟು ತಾಗಿದೆ, ನೋಯುತ್ತಿದೆ, ಶಕ್ತಿ ಕುಗ್ಗಿದೆ ಅಂತ ಮುಖ, ಮೈ, ನಡಿಗೆ, ಉಸಿರು ಎಲ್ಲದರಿಂದಲೂ ತೋರಿಸುವುದೇ ಸೆಲ್ಲಿಂಗ್. ಗೆಲ್ಲುವವನು ಯಾರು ಅಂತ ಮೊದಲೇ ತೀರ್ಮಾನ ಆಗಿರುವ ಆಟ ಇದು. ಹಾಗಾಗಿ ನೋಡುವವರು ನಂಬುವುದೋ ಬಿಡುವುದೋ ಅನ್ನೋದು ಹೊಡೆಯುವವನಿಗಿಂತ ಹೊಡೆಸಿಕೊಳ್ಳುವವನ ಕೈಯಲ್ಲೇ ಜಾಸ್ತಿ ಇರುತ್ತದೆ.

ನಮ್ಮ ಗರಡಿ ಕುಸ್ತಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಮೈಸೂರು ದಸರಾ ಕುಸ್ತಿಯಲ್ಲಿ ಪೈಲ್ವಾನನಿಗೆ ಭುಜ ನೋವಾದರೆ ಅವನು ಅದನ್ನು ಮುಚ್ಚಿಡುತ್ತಾನೆ. ಗೊತ್ತಾದರೆ ಎದುರಿನವನು ಅದೇ ಭುಜಕ್ಕೆ ಪಟ್ಟು ಹಾಕುತ್ತಾನೆ, ಅಲ್ವಾ? ಪ್ರೊ ರೆಸ್ಲಿಂಗಿನಲ್ಲಿ ಲೆಕ್ಕ ತಿರುಗುಮುರುಗು. ನೋವು ಸಭಾಂಗಣದ ಕೊನೇ ಸಾಲಿನಲ್ಲಿ ಕೂತವರಿಗೂ ಕಾಣಬೇಕು.

ಇದರ ಜೊತೆ ‘ಬಂಪ್’ ಅನ್ನೋ ಇನ್ನೊಂದು ಪದವನ್ನು ಕೆಲವರು ಕಲಸಿಬಿಡುತ್ತಾರೆ. ಬಂಪ್ ಅಂದರೆ ಬೀಳುವುದು. ಗಲ್ಲವನ್ನು ಎದೆಗೆ ಒತ್ತಿಕೊಂಡು, ಬೆನ್ನು ಅಗಲವಾಗಿ ನೆಲಕ್ಕೆ ತಾಗುವಂತೆ, ಕೈ ಚಪ್ಪಟೆಯಾಗಿ ಬಡಿಯುವಂತೆ ಬೀಳಬೇಕು. ರಿಂಗಿನ ಕ್ಯಾನ್ವಾಸಿನ ಕೆಳಗೆ ಇರುವುದು ತೆಳ್ಳನೆಯ ಮೆತ್ತೆ, ಹಲಗೆ, ಕಬ್ಬಿಣದ ಚೌಕಟ್ಟು. ಬಂಪ್ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಿದ್ದ ಮೇಲೆ ಮುಂದಿನ ಹತ್ತು ನಿಮಿಷ ಅವನು ಹೇಗೆ ಎದ್ದ, ಯಾವ ಕಾಲಿನ ಮೇಲೆ ಭಾರ ಹಾಕಿದ, ಎದುರಾಳಿಯನ್ನು ಎತ್ತಲು ಹೋದಾಗ ಸೊಂಟ ಹಿಡಿದುಕೊಂಡನಾ ಇಲ್ಲವಾ, ಇದೆಲ್ಲ ಸೆಲ್ಲಿಂಗ್. ಬಂಪ್ ಕಲಿತವರು ಬೇಕಾದಷ್ಟು ಜನ ಇದ್ದಾರೆ. ಸೆಲ್ಲಿಂಗ್ ಬಲ್ಲವರು ಕಡಿಮೆ.

ಬಲ್ಲವರಲ್ಲಿ ನನ್ನ ಮಟ್ಟಿಗೆ ಮೊದಲ ಹೆಸರು ರಿಕಿ ಸ್ಟೀಮ್‌ಬೋಟ್. 1987ರ ಮಾರ್ಚ್ 29ರಂದು ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ರೆಸಲ್‌ಮೇನಿಯಾ 3 ನಡೆಯಿತು. ಅದು ಡಬ್ಲ್ಯುಡಬ್ಲ್ಯುಎಫ್ (ಇವತ್ತಿನ ಡಬ್ಲ್ಯುಡಬ್ಲ್ಯುಇ) ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ. ಕಂಪನಿ ಘೋಷಿಸಿದ ಲೆಕ್ಕದ ಪ್ರಕಾರ ಅಲ್ಲಿ ಸೇರಿದ್ದ ಜನ 93,173. ಅವತ್ತು ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಬೆಲ್ಟಿಗಾಗಿ ಸ್ಟೀಮ್‌ಬೋಟ್ ಮತ್ತು ರ‍್ಯಾಂಡಿ ಸ್ಯಾವೇಜ್ ಆಡಿದ ಪಂದ್ಯ ಕಾಲು ಗಂಟೆಯೂ ಇಲ್ಲ. ಆದರೂ ಹಳೇ ಪಂದ್ಯಗಳ ಯಾವ ಪಟ್ಟಿ ತೆಗೆದರೂ ಅದು ಇರುತ್ತದೆ.

ಕತೆ ಕೆಲವು ತಿಂಗಳ ಹಿಂದೆಯೇ ಶುರುವಾಗಿತ್ತು. 1986ರ ಕೊನೆಗೆ ಸ್ಯಾವೇಜ್ ರಿಂಗಿನ ಗಂಟೆಯನ್ನು ಎತ್ತಿಕೊಂಡು ಸ್ಟೀಮ್‌ಬೋಟ್ ಗಂಟಲಿನ ಮೇಲೆ ಹಾರಿದ್ದ. ಗಂಟಲು ಜಖಂ ಆಗಿದೆ, ಮಾತಾಡಲಿಕ್ಕೂ ಕಷ್ಟ ಅನ್ನೋದು ಟಿವಿಯಲ್ಲಿ ಹೇಳಿದ ಕತೆ. ಈ ಪಂದ್ಯದಲ್ಲಿ ಸ್ಟೀಮ್‌ಬೋಟ್ ಶುರುವಿನಲ್ಲೇ ಸ್ಯಾವೇಜ್‌ನ ಗಂಟಲು ಹಿಡಿದು ನೆಲದಿಂದ ಮೇಲಕ್ಕೆ ಎತ್ತುತ್ತಾನೆ. ಆ ಒಂದು ಹಿಡಿತದಲ್ಲಿ ಅಷ್ಟು ತಿಂಗಳ ಸಿಟ್ಟು ಪೂರ್ತಿ ಕಾಣುತ್ತದೆ. ಆಮೇಲೆ ತನ್ನ ಗಂಟಲಿಗೆ ಏಟು ಬಿದ್ದಾಗ ಅವನ ಎರಡೂ ಕೈ ಸೀದಾ ಕುತ್ತಿಗೆಗೆ ಹೋಗುತ್ತವೆ, ಬಾಯಿ ತೆರೆದುಕೊಳ್ಳುತ್ತದೆ, ಕಾಲು ತಡವರಿಸುತ್ತವೆ. ಬಿದ್ದವನು ತಟ್ಟನೆ ಏಳುವುದಿಲ್ಲ. ಹಗ್ಗ ಹುಡುಕುತ್ತಾನೆ, ಒಂದು ಕೈ ಹಾಕುತ್ತಾನೆ, ಮತ್ತೆ ಜಾರುತ್ತಾನೆ. ಭುಜ ನೆಲಕ್ಕೆ ಒತ್ತಿ ರೆಫ್ರಿ ಮೂರು ಎಣಿಸಿದರೆ ಸೋಲು; ಅಷ್ಟರೊಳಗೆ ಇವನು ಎದ್ದರೆ ಸಾಕಪ್ಪಾ ಅಂತ ನೋಡುವವರಿಗೆ ಅನ್ನಿಸಬೇಕು. ಅನ್ನಿಸುತ್ತದೆ.

ಸ್ಯಾವೇಜ್ ಪಾಲನ್ನೂ ಮರೆಯಬಾರದು. ಆ ಕಾಲದ ಹೆಚ್ಚಿನ ರೆಸ್ಲರ್‌ಗಳು ಮುಗಿತಾಯ ಮಾತ್ರ ಗೊತ್ತು ಮಾಡಿಕೊಂಡು ಉಳಿದದ್ದನ್ನು ರಿಂಗಿನಲ್ಲೇ ಮಾತಾಡಿಕೊಂಡು ಆಡುತ್ತಿದ್ದರು. ಸ್ಯಾವೇಜ್ ಹಾಗಲ್ಲ. ಪಂದ್ಯದ ಒಂದೊಂದು ಹೆಜ್ಜೆಯನ್ನೂ ಬರೆದಿಟ್ಟು, ಸ್ಟೀಮ್‌ಬೋಟ್‌ಗೆ ಪಾಠ ಒಪ್ಪಿಸುವಂತೆ ಕೇಳುತ್ತಿದ್ದ. ಇದನ್ನು ಸ್ಟೀಮ್‌ಬೋಟ್ ಸಂದರ್ಶನಗಳಲ್ಲಿ ಹೇಳಿದ್ದಾನೆ. ಕೊನೆಯಲ್ಲಿ ರೆಫ್ರಿ ಬಿದ್ದಿರುವಾಗ ಸ್ಯಾವೇಜ್ ಮತ್ತೆ ಅದೇ ಗಂಟೆ ತರುತ್ತಾನೆ. ಸ್ಟೀಮ್‌ಬೋಟ್ ಕಡೆಯ ರೆಸ್ಲರ್ ಜಾರ್ಜ್ ಸ್ಟೀಲ್ ಅಡ್ಡ ಬರುತ್ತಾನೆ. ಸ್ಯಾವೇಜ್ ಎತ್ತಿ ಕುಕ್ಕಲು ಹೋದಾಗ ಸ್ಟೀಮ್‌ಬೋಟ್ ಅವನನ್ನು ಗಂಟು ಕಟ್ಟಿದಂತೆ ಸುತ್ತಿ ಕೆಡವಿ ಗೆಲ್ಲುತ್ತಾನೆ. ಇಷ್ಟು ಬರೆದಿಟ್ಟ ಆಟ ಬರೆದಿಟ್ಟಂತೆ ಕಾಣದೇ ಇರುವುದಕ್ಕೆ ಕಾರಣ ಇಬ್ಬರ ಸೆಲ್ಲಿಂಗ್. ಬೇರೆ ಕಾರಣ ನನಗೆ ಕಾಣುವುದಿಲ್ಲ.

ಈ ಪಂದ್ಯದ ಕಾಮೆಂಟರಿ ಗೊರಿಲ್ಲಾ ಮಾನ್ಸೂನ್ ಮತ್ತು ಜೆಸ್ಸಿ ವೆಂಚುರಾ ಅವರದ್ದು. ಯಾರಿಗೆ ಎಲ್ಲಿ ನೋವು, ಅದರಿಂದ ಏನಾಗಬಹುದು ಅಂತ ಹೇಳಿ ಹೇಳಿ ಸೆಲ್ಲಿಂಗನ್ನು ಮನೆಯಲ್ಲಿ ಕೂತವರಿಗೆ ಮುಟ್ಟಿಸುವುದು ಕಾಮೆಂಟರಿಯ ಕೆಲಸ. ಆ ದನಿಗೆ ಎಷ್ಟು ಬೆಲೆ ಅನ್ನೋದು ಮುಂದೆ ಕೋರ್ಟಿನಲ್ಲೂ ಗೊತ್ತಾಯಿತು. ತನ್ನ ಕಾಮೆಂಟರಿ ಇರುವ ವಿಡಿಯೊ ಕ್ಯಾಸೆಟ್‌ಗಳನ್ನು ಮಾರಿ ಕಂಪನಿ ದುಡ್ಡು ಮಾಡುತ್ತಿದೆ, ತನಗೆ ರಾಯಲ್ಟಿ ಕೊಟ್ಟಿಲ್ಲ ಅಂತ ವೆಂಚುರಾ ಕೇಸು ಹಾಕಿ, 1994ರಲ್ಲಿ 8 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಗೆದ್ದ. ನ್ಯಾಯವಾಗಿ ಸಿಗಬೇಕಾದದ್ದೇ ಅದು.

ಅದೇ ರೆಸಲ್‌ಮೇನಿಯಾದ ಮುಖ್ಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂಡ್ರೆ ದಿ ಜೈಂಟ್ ನಡುವೆ. ಶುರುವಿನಲ್ಲೇ ಹೋಗನ್ ಆಂಡ್ರೆಯನ್ನು ಎತ್ತಲು ಹೋಗಿ ಅವನ ಭಾರಕ್ಕೆ ಕುಸಿಯುತ್ತಾನೆ. ಅಲ್ಲಿಂದ ಮುಂದೆ ಬೆನ್ನು ಹಿಡಿದುಕೊಂಡೇ ಆಡುತ್ತಾನೆ. ನಿಜವಾಗಿ ಬೆನ್ನು ಕೆಟ್ಟಿದ್ದದ್ದು ಆಂಡ್ರೆಗೆ. ಬೆನ್ನಿನ ಆಪರೇಷನ್ ಆಗಿ, ಉಡುಪಿನ ಒಳಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಇದು ಗೊತ್ತಿದ್ದು ಆ ಪಂದ್ಯ ನೋಡಿದರೆ ಕಣ್ಣು ಹೋಗನ್ ಮೇಲೆ ನಿಲ್ಲುವುದಿಲ್ಲ.

ಈಗ ಕ್ಯಾಸೆಟ್, ಡಿವಿಡಿ ವಿಚಾರಕ್ಕೆ ಬರುತ್ತೇನೆ. ಸೆಲ್ಲಿಂಗ್ ಅರ್ಥ ಆಗಬೇಕಾದರೆ ಪಂದ್ಯ ಪೂರ್ತಿ ನೋಡಬೇಕು. ಎಡಿಟಿಂಗಿನಲ್ಲಿ ಮೊದಲು ಕತ್ತರಿ ಬೀಳುವುದೇ ಸೆಲ್ಲಿಂಗಿಗೆ. ಎರಡು ನಿಮಿಷದ ಹೈಲೈಟ್ಸ್ ಮಾಡುವವನು ಹಾರಿದ್ದು, ಎತ್ತಿ ಒಗೆದದ್ದು, ಗೆದ್ದದ್ದು ಇಟ್ಟುಕೊಳ್ಳುತ್ತಾನೆ. ಕುಂಟಿದ್ದು, ತೆವಳಿದ್ದು, ಹಗ್ಗ ಹಿಡಿದು ಉಸಿರೆಳೆದದ್ದು ಎಲ್ಲ ಹೋಗುತ್ತದೆ. ಹಳೇ ಟೇಪ್ ಸಂಗ್ರಹಿಸುವವರು ಪಂದ್ಯದ ಪಕ್ಕದಲ್ಲಿ ‘ಪೂರ್ತಿ’, ‘ಕಟ್ ಆಗಿದೆ’ ಅಂತ ಗುರುತು ಹಾಕಿಕೊಳ್ಳುವುದು ಸುಮ್ನೆ ಅಲ್ಲ.

ಇದಕ್ಕೆ ನನಗೆ ತಟ್ಟನೆ ನೆನಪಾಗುವ ಪಂದ್ಯ 1989ರ ಏಪ್ರಿಲ್ 2ರದ್ದು. ಆ ದಿನ ರೆಸಲ್‌ಮೇನಿಯಾ 5 ಇತ್ತು. ಅದಕ್ಕೆ ಪೈಪೋಟಿಯಾಗಿ ಎನ್‌ಡಬ್ಲ್ಯುಎ ಅನ್ನೋ ಇನ್ನೊಂದು ರೆಸ್ಲಿಂಗ್ ಸಂಸ್ಥೆಯ ಕಡೆಯವರು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಿಂದ ರಿಕ್ ಫ್ಲೇರ್ ಮತ್ತು ಸ್ಟೀಮ್‌ಬೋಟ್ ಪಂದ್ಯವನ್ನು ಟಿಬಿಎಸ್ ಚಾನೆಲ್ಲಿನಲ್ಲಿ ತೋರಿಸಿದರು. ಮೂರರಲ್ಲಿ ಎರಡು ಸುತ್ತು ಗೆದ್ದವನೇ ಚಾಂಪಿಯನ್. ಪಂದ್ಯ ಸುಮಾರು 55 ನಿಮಿಷ. ಮೂರನೇ ಸುತ್ತಿನಲ್ಲಿ ಫ್ಲೇರ್ ಸ್ಟೀಮ್‌ಬೋಟ್‌ನ ಕಾಲಿಗೆ ಬೆನ್ನು ಬೀಳುತ್ತಾನೆ, ಕಾಲುಗಳನ್ನು ಹೆಣೆದು ತಿರುಚುವ ತನ್ನ ಹೆಸರುವಾಸಿ ಫಿಗರ್ ಫೋರ್ ಪಟ್ಟು ಹಾಕುತ್ತಾನೆ. ಕೊನೆಗೆ ಸ್ಟೀಮ್‌ಬೋಟ್ ಹಿಂದಿನ ಸುತ್ತು ಗೆಲ್ಲಿಸಿಕೊಟ್ಟ ಪಟ್ಟನ್ನೇ ಮತ್ತೆ ಹಾಕುತ್ತಾನೆ: ಫ್ಲೇರ್‌ನ ಎರಡೂ ತೋಳನ್ನು ಹಿಂದಕ್ಕೆ ಬಿಗಿದು ಎತ್ತುವ ಪಟ್ಟು. ಆ ಭಾರಕ್ಕೆ ನೊಂದ ಕಾಲು ಕೈಕೊಡುತ್ತದೆ. ಇಬ್ಬರೂ ಹಿಂದಕ್ಕೆ ಬೀಳುತ್ತಾರೆ. ರೆಫ್ರಿ ಎಣಿಸುವಾಗ ಸ್ಟೀಮ್‌ಬೋಟ್ ತನ್ನ ಭುಜ ಎತ್ತಿಬಿಡುತ್ತಾನೆ, ಫ್ಲೇರ್ ಭುಜ ನೆಲದಲ್ಲೇ ಉಳಿಯುತ್ತದೆ. ಕೊನೇ ಅರ್ಧ ನಿಮಿಷ ಮಾತ್ರ ನೋಡಿದವನಿಗೆ ಇದು ಆಕಸ್ಮಿಕ ಗೆಲುವು. ಪೂರ್ತಿ ನೋಡಿದವನಿಗೆ ಆ ಕಾಲು ಯಾಕೆ ಕೈಕೊಟ್ಟಿತು ಅಂತ ಗೊತ್ತು.

ಜಪಾನಿನಲ್ಲಿ ಇದನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋದರು. 1995ರ ಜೂನ್ 9ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಆಲ್ ಜಪಾನ್ ಕಂಪನಿಯ ಜೋಡಿ ಪಂದ್ಯ. ಒಂದು ಕಡೆ ಮಿಸಾವಾ, ಕೊಬಾಶಿ. ಇನ್ನೊಂದು ಕಡೆ ಕವಾಡಾ, ಟಾವೇ. ಕೊಬಾಶಿಯ ಕಾಲಿಗೆ ಮೊದಲೇ ಪೆಟ್ಟಾಗಿದೆ. ಎದುರಿನವರು ಅದೇ ಕಾಲನ್ನು ಹಾಳು ಮಾಡುತ್ತಾರೆ. ಕೊನೆ ಕೊನೆಗೆ ಕೊಬಾಶಿಗೆ ನಿಲ್ಲಲಿಕ್ಕೂ ಆಗುವುದಿಲ್ಲ. ಆಗ ಅವನು ಬಿದ್ದಿರುವ ಮಿಸಾವಾ ಮೇಲೆ ತಾನೇ ಅಡ್ಡ ಮಲಗುತ್ತಾನೆ, ಏಟು ತನಗೆ ಬೀಳಲಿ ಅಂತ. ಕವಾಡಾ ಮೊದಲ ಸಲ ಮಿಸಾವಾನನ್ನು ಚಿತ್ ಮಾಡುವುದು ಈ ಪಂದ್ಯದಲ್ಲೇ. ಜಪಾನಿ ಭಾಷೆ ಒಂದಕ್ಷರ ಬರದೇ ಇದ್ದರೂ ಎಲ್ಲ ಅರ್ಥವಾಗುತ್ತದೆ. ನಲವತ್ತು ನಿಮಿಷ ಮೀರಿದ ಪಂದ್ಯ ಇದು. ದಯವಿಟ್ಟು ತುಂಡು ತುಂಡಾಗಿ ನೋಡಬೇಡಿ.

ಇನ್ನು ‘ನೋ ಸೆಲ್’. ಏಟು ಬಿದ್ದರೂ ಏನೂ ಆಗದವನಂತೆ ನಿಲ್ಲುವುದು. ಎಲ್ಲಾ ನೋ ಸೆಲ್ ಕೆಟ್ಟದ್ದಲ್ಲ. ಅಂಡರ್‌ಟೇಕರ್ ಸತ್ತಂತೆ ಮಲಗಿ ತಟಕ್ಕನೆ ಎದ್ದು ಕೂರುವುದು, ಹೋಗನ್ ಏಟು ತಿನ್ನುತ್ತಾ ತಿನ್ನುತ್ತಾ ತಲೆ ಅಲ್ಲಾಡಿಸಿ ಬೆರಳು ತೋರಿಸುವುದು, ಇವು ಅವರ ಪಾತ್ರದ ಭಾಗ. ಅದಕ್ಕೂ ಮೊದಲು ಅವರು ಬೇಕಾದಷ್ಟು ಸೆಲ್ ಮಾಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ‘ಓವರ್ ಸೆಲ್’ ಇನ್ನೊಂದು ತುದಿ. ಡಬ್ಲ್ಯುಡಬ್ಲ್ಯುಇ ಕಂಪನಿಯ 2005ರ ಕಾರ್ಯಕ್ರಮ ಸಮ್ಮರ್‌ಸ್ಲ್ಯಾಮ್‌ನಲ್ಲಿ ಹೋಗನ್ ಹೊಡೆದ ಒಂದೊಂದು ಏಟಿಗೂ ಶಾನ್ ಮೈಕಲ್ಸ್ ರಿಂಗಿನ ತುಂಬ ಹಾರಾಡಿಬಿಟ್ಟ. ಅದನ್ನು ಮೆಚ್ಚಿ ನಗುವವರಿದ್ದಾರೆ. ನನಗೆ ಹಿಡಿಸಲಿಲ್ಲ. ಅಷ್ಟು ದೊಡ್ಡ ಕಲಾವಿದ ಆ ರಾತ್ರಿ ಪಂದ್ಯವನ್ನೇ ಬಿಟ್ಟುಕೊಟ್ಟ.

ಸೆಲ್ಲಿಂಗ್ ಒಬ್ಬನ ಹಣೆಬರಹವನ್ನೇ ಬದಲಿಸಿದ ಪಂದ್ಯ ಬೇಕಾದರೆ 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13 ನೋಡಿ. ಶಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಸೋಲೊಪ್ಪಿಸಿದರೆ ಮಾತ್ರ ಗೆಲುವು ಅನ್ನೋ ನಿಯಮ. ರೆಫ್ರಿ ಕೆನ್ ಶಾಮ್ರಾಕ್. ಬಂದಾಗ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಬ್ರೆಟ್ ಆಸ್ಟಿನ್‌ನ ಮೊಣಕಾಲನ್ನು ಬಿಡದೆ ಕಾಡುತ್ತಾನೆ, ಕಂಬಕ್ಕೆ ಸುತ್ತಿ ತಿರುಚುತ್ತಾನೆ. ಆಸ್ಟಿನ್ ಹಣೆ ಒಡೆದು ರಕ್ತ ಸುರಿಯುತ್ತದೆ. ಕೊನೆಗೆ, ಕಾಲುಗಳನ್ನು ಹೆಣೆದು ಬೆನ್ನು ಬಗ್ಗಿಸುವ ಶಾರ್ಪ್‌ಶೂಟರ್ ಪಟ್ಟು. ಆಸ್ಟಿನ್ ಅಂಗೈ ಊರಿ ಮೈ ಎತ್ತುತ್ತಾನೆ, ಬಾಯಿ ತೆರೆದು ಕಿರುಚುತ್ತಾನೆ, ಹಲ್ಲಿನ ಸಂದಿಯಲ್ಲೆಲ್ಲ ರಕ್ತ. ಆದರೆ ಸೋತೆ ಅನ್ನುವುದಿಲ್ಲ. ಪ್ರಜ್ಞೆ ತಪ್ಪುತ್ತಾನೆ. ಆಮೇಲೂ ಬ್ರೆಟ್ ಬಿಡದೆ ಹೊಡೆಯುತ್ತಾನೆ, ಜನ ಅವನಿಗೆ ಛೀ ಅನ್ನುತ್ತಾರೆ. ಆಸ್ಟಿನ್ ಯಾರ ಸಹಾಯವೂ ಬೇಡ ಅಂತ ಕುಂಟುತ್ತಾ ಹೋಗುವಾಗ ಇಡೀ ಸಭಾಂಗಣ ಅವನ ಹೆಸರು ಕೂಗುತ್ತದೆ. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು. ಇದಕ್ಕೆ ‘ಡಬಲ್ ಟರ್ನ್’ ಅನ್ನುತ್ತಾರೆ. ಆಸ್ಟಿನ್ ನೋವು ತೋರಿಸಿದ ರೀತಿ ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೂ ಇದು ಆಗುತ್ತಿರಲಿಲ್ಲ.

ಅದೇ ವರ್ಷ ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಹಾಕಿದ, ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ಪೈಲ್‌ಡ್ರೈವರ್‌ಗೆ ಆಸ್ಟಿನ್ ಕುತ್ತಿಗೆಗೆ ನಿಜವಾಗಿಯೂ ಪೆಟ್ಟಾಯಿತು. ಕೈಕಾಲು ಸ್ವಲ್ಪ ಹೊತ್ತು ಆಡಲಿಲ್ಲ. ಓವನ್ ಜನರನ್ನು ಕೆಣಕುತ್ತಾ ಸಮಯ ತಳ್ಳಿದ. ಆಸ್ಟಿನ್ ಹೇಗೋ ತೆವಳಿ ಬಂದು ಅವನನ್ನು ಮಗುಚಿ ಪಂದ್ಯ ಮುಗಿಸಿದ. ಎರಡನ್ನೂ ಒಂದಾದ ಮೇಲೊಂದು ನೋಡಿ. ನಿಜವಾದ ನೋವಿನಲ್ಲಿ ಮುಖಭಾವವೇ ಇಲ್ಲ, ಕಿರುಚಾಟವಿಲ್ಲ, ಮೈ ಸುಮ್ಮನೆ ಬಿದ್ದಿದೆ. ಸೆಲ್ಲಿಂಗ್ ಅಂದರೆ ನೋವಿನ ನಕಲು ಅಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಹಳೇ ಪಂದ್ಯ ಹುಡುಕುವವರಿಗೆ ಒಂದು ಮಾತು. ಡಬ್ಲ್ಯುಡಬ್ಲ್ಯುಎಫ್ ಕ್ಯಾಸೆಟ್‌ಗಳನ್ನು 1985ರಿಂದ ಕೊಲಿಸಿಯಂ ವಿಡಿಯೊ ಹೊರತರುತ್ತಿತ್ತು. 2002ರಲ್ಲಿ ಅದೇ ಡಬ್ಲ್ಯುಡಬ್ಲ್ಯುಎಫ್ ಹೆಸರಿನ ವನ್ಯಜೀವಿ ನಿಧಿ ಸಂಸ್ಥೆಯ ಜೊತೆಗಿನ ಹೆಸರಿನ ಕೇಸಿನಲ್ಲಿ ಸೋತು ಕಂಪನಿ ಡಬ್ಲ್ಯುಡಬ್ಲ್ಯುಇ ಆಯಿತು. ಆಮೇಲೆ 2012ರವರೆಗೆ ಬಂದ ಡಿವಿಡಿಗಳಲ್ಲಿ ತೊಂಬತ್ತರ ದಶಕದ ಕೊನೆಯ ಲೋಗೊ ಮಸುಕು, ಕಾಮೆಂಟರಿಯಲ್ಲಿ ಆ ಹೆಸರು ಬಂದ ಕಡೆ ದನಿ ಕಟ್. ಸೆಲ್ಲಿಂಗ್ ನಡೆಯುತ್ತಿರುವ ಸೂಕ್ಷ್ಮ ಗಳಿಗೆಯಲ್ಲಿ ಪರದೆ ಮೇಲೆ ಮಸುಕು ಬಂದರೆ ಮನಸ್ಸು ಅತ್ತ ಹೋಗುತ್ತದೆ, ಏನು ಮಾಡೋದು. ಹಳೇ ಕ್ಯಾಸೆಟ್ ಅಥವಾ 2012ರ ನಂತರದ ಪ್ರತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

2005ರಲ್ಲಿ ಬಂದ ಬ್ರೆಟ್ ಹಾರ್ಟ್ ಡಿವಿಡಿ ಮಾತ್ರ ಮಸುಕಿದ್ದರೂ ಇರಬೇಕಾದದ್ದು. ವರ್ಷಗಟ್ಟಲೆ ಕಂಪನಿಯ ಜೊತೆ ಮಾತು ಬಿಟ್ಟಿದ್ದ ಬ್ರೆಟ್, ತನ್ನ ಕತೆ ತಾನೇ ಹೇಳಬೇಕು ಅಂತ ಮುಂದೆ ಬಂದು ಅದರಲ್ಲಿ ಮಾತಾಡಿದ್ದಾನೆ. ಸ್ಟೀಮ್‌ಬೋಟ್ ಮೇಲಿನ ಸೆಟ್ 2010ರದ್ದು. ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂದರೆ ಸ್ಯಾವೇಜ್ ಮತ್ತು ಸ್ಟೀಮ್‌ಬೋಟ್ ಪಂದ್ಯದಿಂದಲೇ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಹೊಡೆಯುವವನನ್ನು ಬಿಟ್ಟು, ಏಟು ತಿಂದವನನ್ನು ಮಾತ್ರ ನೋಡುತ್ತಾ ಹೋಗಿ.