ಪದ ಪರಿಚಯ: ಟಿಪಿಎಂಎಸ್, ಅಂದರೆ ಟೈರಿನ ಗಾಳಿಯ ಮೇಲಿನ ನಿಗಾ

ಕಾರನ್ನು ಚಾಲೂ ಮಾಡಿದ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹೊತ್ತಿ ಆರುವ ದೀಪಗಳ ಸಾಲಿನಲ್ಲಿ ಹಳದಿ ಬಣ್ಣದ ಒಂದು ಗುರುತು ಇರುತ್ತದೆ. ಮೇಲ್ಭಾಗ ತೆರೆದಿರುವ ಕುದುರೆಲಾಳದಂತಹ ಆಕೃತಿ, ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ವರ್ಷಗಟ್ಟಲೆ ಕಾರು ಓಡಿಸಿದವರಲ್ಲಿಯೂ ಎಷ್ಟೋ ಮಂದಿಗೆ ಇದು ಏನೆಂದು ತಿಳಿದಿರುವುದಿಲ್ಲ. ಅದು ಲಾಳವಲ್ಲ, ಟೈರನ್ನು ಅಡ್ಡಲಾಗಿ ಸೀಳಿದರೆ ಕಾಣುವ ನೋಟ; ಕೆಳಗಿನ ಸಣ್ಣ ಹಲ್ಲುಗಳು ರಸ್ತೆಯನ್ನು ಹಿಡಿಯುವ ಟ್ರೆಡ್. ಈ ದೀಪದ ಹಿಂದೆ ಕೆಲಸ ಮಾಡುವ ಏರ್ಪಾಡಿಗೆ ‘ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್’ ಎಂದು ಹೆಸರು. ಕಾರಿನ ಕೈಪಿಡಿಗಳಲ್ಲಿಯೂ ಶೋರೂಮುಗಳಲ್ಲಿಯೂ ಇದನ್ನು ಟಿಪಿಎಂಎಸ್ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ‘ಟೈರ್ ಒತ್ತಡ ನಿಗಾ ವ್ಯವಸ್ಥೆ’ ಎನ್ನಬಹುದು. ಒತ್ತಡ ಎಂಬುದು ಪಠ್ಯಪುಸ್ತಕದ ಮಾತು. ಪೆಟ್ರೋಲ್ ಬಂಕಿನಲ್ಲಿ ನಾವು ಕೇಳುವುದು ‘ಗಾಳಿ ಎಷ್ಟಿದೆ’ ಎಂದು. ನಿಗಾ ಎಂಬ ಪದವಾದರೋ ಪಾರಸಿಯಿಂದ ಬಂದದ್ದು, ಅದರ ಮೂಲಾರ್ಥ ನೋಟ. ಈ ವ್ಯವಸ್ಥೆ ನಿಜವಾಗಿ ಏನನ್ನು ನೋಡುತ್ತದೆ, ಎಷ್ಟು ತಡವಾಗಿ ಹೇಳುತ್ತದೆ ಎಂಬುದನ್ನು ತಿಳಿದರೆ ಮಾತ್ರ ಪದದ ಅರ್ಥ ಪೂರ್ತಿಯಾಗುತ್ತದೆ.

ಗಾಳಿಯ ಮೇಲೆ ನಿಗಾ ಏಕೆ ಬೇಕು? ಕಾರಿನ ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗೆ ತುಂಬಿಟ್ಟ ಗಾಳಿ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ಹೆಚ್ಚು ನಿಗುರುತ್ತದೆ. ಬಗ್ಗಿಸಲು ವ್ಯಯವಾದ ಶಕ್ತಿಯನ್ನೆಲ್ಲ ರಬ್ಬರು ಮರಳಿ ಕೊಡುವುದಿಲ್ಲ, ಒಂದು ಪಾಲನ್ನು ಶಾಖವಾಗಿ ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಹೆದ್ದಾರಿಯ ವೇಗದಲ್ಲಿ ಈ ಬಾಗು ನಿಗುರು ನಿಮಿಷಕ್ಕೆ ಎಂಟು ನೂರು ಸಲಕ್ಕೂ ಹೆಚ್ಚು ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ, ಡಿಕ್ಕಿ ತುಂಬ ಸಾಮಾನು, ಐದು ಜನ, ಒಂದೇ ಸಮನೆ ಓಟ: ಇವೆಲ್ಲ ಕೂಡಿದಾಗ ಶಾಖವು ಹೊರಹೋಗುವುದಕ್ಕಿಂತ ಬೇಗ ಶೇಖರವಾಗಿ, ರಬ್ಬರಿನ ಪದರಗಳ ನಡುವಿನ ಬೆಸುಗೆ ಬಿಡತೊಡಗುತ್ತದೆ. ‘ಇದ್ದಕ್ಕಿದ್ದಂತೆ ಟೈರು ಸಿಡಿಯಿತು’ ಎಂದು ನಾವು ಹೇಳುವ ಅವಘಡಗಳಲ್ಲಿ ಹಲವು ಇದ್ದಕ್ಕಿದ್ದಂತೆ ಆದವಲ್ಲ. ವಾರಗಟ್ಟಲೆ ಕಡಿಮೆ ಗಾಳಿಯಲ್ಲಿ ಓಡಿದ ಟೈರು ಒಳಗಿಂದೊಳಗೇ ಸವೆದು ಒಂದು ದಿನ ಸೋಲುತ್ತದೆ. ಕಷ್ಟವೇನೆಂದರೆ ಇಂದಿನ ರೇಡಿಯಲ್ ಟೈರುಗಳಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡವನ್ನು ಅಳೆಯುವ ಮಾನ) ಮತ್ತು 25 ಪಿಎಸ್‌ಐ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದೇ ಕಷ್ಟ. ಕಾಲಿನಿಂದ ಒದ್ದು ನೋಡುವ ಹಳೆಯ ಪದ್ಧತಿಯಿಂದ ಏನೂ ಗೊತ್ತಾಗುವುದಿಲ್ಲ.

ಈ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ, ಮತ್ತು ಅವುಗಳ ನಡುವಿನ ಅಂತರ ಬಹಳ ದೊಡ್ಡದು. ಮೊದಲನೆಯದು ನೇರ ವಿಧಾನ. ಇಲ್ಲಿ ಪ್ರತಿ ಚಕ್ರದ ಒಳಗೂ, ಸಾಮಾನ್ಯವಾಗಿ ಗಾಳಿ ಹಾಕುವ ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರಲ್ಲಿರುವ ತೆಳುವಾದ ಸಿಲಿಕಾನ್ ಪೊರೆಯು ಗಾಳಿಯ ಒತ್ತಡಕ್ಕೆ ಎಷ್ಟು ಬಾಗಿತೆಂಬುದು ವಿದ್ಯುತ್ ಸಂಕೇತವಾಗಿ ಬದಲಾಗುತ್ತದೆ. ಒತ್ತಡದ ಜೊತೆಗೆ ತಾಪಮಾನವನ್ನೂ ತನ್ನದೇ ಬ್ಯಾಟರಿಯ ಸ್ಥಿತಿಯನ್ನೂ ಅಳೆದು, ತನ್ನ ಗುರುತಿನ ಸಂಖ್ಯೆಯೊಂದಿಗೆ ರೇಡಿಯೋ ಮೂಲಕ ಕಾರಿನ ಕಂಪ್ಯೂಟರಿಗೆ ಕಳುಹಿಸುತ್ತದೆ. ಇದಕ್ಕಾಗಿ ಅಮೆರಿಕದಲ್ಲಿ ಸಾಮಾನ್ಯವಾಗಿ 315 ಮೆಗಾಹರ್ಟ್ಸ್, ಯೂರೋಪಿನಲ್ಲಿ 433 ಮೆಗಾಹರ್ಟ್ಸ್ ತರಂಗವನ್ನು ಬಳಸುತ್ತಾರೆ. ಗುರುತಿನ ಸಂಖ್ಯೆ ಇರಬೇಕಾದದ್ದು ಅವಶ್ಯ, ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಕಾರಿನ ಟೈರಿನ ಸುದ್ದಿಯನ್ನು ನಮ್ಮ ಕಾರು ತನ್ನದೆಂದು ತಿಳಿದೀತು. ಬ್ಯಾಟರಿ ಉಳಿಸಲು ಈ ಸೆನ್ಸರ್ ಕಾರು ನಿಂತಾಗ ಬಹುತೇಕ ನಿದ್ರಿಸುತ್ತದೆ. ಚಕ್ರ ತಿರುಗಿದ್ದನ್ನು ಅದರೊಳಗಿನ ಚಲನೆಯ ಸೆನ್ಸರ್ ಗ್ರಹಿಸಿದ ಮೇಲೆಯೇ ಎಚ್ಚೆತ್ತು ಸಂದೇಶ ಕಳುಹಿಸತೊಡಗುತ್ತದೆ. ಕಾರು ಹತ್ತಿದ ತಕ್ಷಣ ಪರದೆಯ ಮೇಲೆ ಅಂಕಿಗಳ ಬದಲು ಖಾಲಿ ಗೆರೆಗಳು ಕಾಣುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ, ಅದು ದೋಷವಲ್ಲ.

ಎರಡನೆಯದು ಪರೋಕ್ಷ ವಿಧಾನ, ಮತ್ತು ನನಗೆ ಇದು ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ, ಏಕೆಂದರೆ ಇದು ಗಾಳಿಯನ್ನು ಅಳೆಯುವುದೇ ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಬಿಗಿದುಕೊಳ್ಳುವುದನ್ನು ತಡೆಯುವ ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದಲ್ಲಿ ಮೊದಲೇ ಇರುವ ವೇಗದ ಸೆನ್ಸರುಗಳಿಂದಲೇ ಇದು ಲೆಕ್ಕ ಹಾಕುತ್ತದೆ. ಗಾಳಿ ಇಳಿದ ಟೈರಿನ ತ್ರಿಜ್ಯ ಕೂದಲೆಳೆಯಷ್ಟು ಕಡಿಮೆಯಾಗುವುದರಿಂದ ಅಷ್ಟೇ ದೂರ ಸಾಗಲು ಅದು ಉಳಿದ ಮೂರಕ್ಕಿಂತ ತುಸು ಹೆಚ್ಚು ಸುತ್ತಬೇಕು. ಸುತ್ತಳತೆ 1.9 ಮೀಟರ್ ಇರುವ ಟೈರು ಒಂದು ಕಿಲೋಮೀಟರಿಗೆ ಸುಮಾರು 526 ಸುತ್ತು ಹಾಕುತ್ತದೆ, ತ್ರಿಜ್ಯ ಶೇ. 0.5ರಷ್ಟು ತಗ್ಗಿದರೆ ಎರಡೂವರೆ ಸುತ್ತು ಹೆಚ್ಚಾಗುತ್ತದೆ. ಆ ಎರಡೂವರೆ ಸುತ್ತುಗಳನ್ನು ಗುರುತಿಸುವುದೇ ಇದರ ಕೆಲಸ. ತಿರುವುಗಳಲ್ಲಿ ಹೊರಬದಿಯ ಚಕ್ರಗಳು ಹೇಗೂ ಹೆಚ್ಚು ಸುತ್ತುತ್ತವೆ, ಗುಂಡಿಗಳಲ್ಲಿ ಚಕ್ರ ಜಾರುತ್ತದೆ. ಇವನ್ನೆಲ್ಲ ಸೋಸಿ ತೆಗೆಯಲು ಅದಕ್ಕೆ ಒಂದಷ್ಟು ದೂರದ ಓಟ ಬೇಕಾಗುತ್ತದೆ. ಸರಿಯಾದ ಗಾಳಿ ಯಾವುದೆಂದು ಅದಕ್ಕೆ ತಾನಾಗಿ ತಿಳಿಯುವುದೂ ಇಲ್ಲ. ಗಾಳಿ ಹಾಕಿಸಿ ನಾವು ರೀಸೆಟ್ ಗುಂಡಿ ಒತ್ತಿದ ಸ್ಥಿತಿಯನ್ನೇ ಅದು ಸರಿಯೆಂದು ನಂಬುತ್ತದೆ. ದೀಪ ಹೊತ್ತಿದಾಗ ಗಾಳಿಯನ್ನು ನೋಡದೆ ರೀಸೆಟ್ ಮಾತ್ರ ಒತ್ತುವವರು ಸೊರಗಿದ ಟೈರನ್ನೇ ಸರಿಯೆಂದು ಅದಕ್ಕೆ ಕಲಿಸಿದಂತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬರೀ ಹೋಲಿಕೆಯನ್ನು ನೆಚ್ಚಿಕೊಂಡ ವ್ಯವಸ್ಥೆಗೆ ನಾಲ್ಕೂ ಟೈರುಗಳ ಗಾಳಿ ಸಮನಾಗಿ ಇಳಿದರೆ ಏನೂ ಕಾಣುವುದಿಲ್ಲ. ಟೈರಿನ ಕಂಪನದ ಸ್ವರೂಪವನ್ನು ಕೂಡ ವಿಶ್ಲೇಷಿಸುವ ಹೊಸ ವ್ಯವಸ್ಥೆಗಳು ಈ ಕೊರತೆಯನ್ನು ಬಹಳಮಟ್ಟಿಗೆ ನೀಗಿಸಿವೆ.

ಈ ಕೊರತೆ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ, ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಓಟದಲ್ಲಿ ಟ್ರೆಡ್ ಕಿತ್ತುಬಂದು ಗಾಡಿಗಳು ಉರುಳಿ ನೂರಾರು ಜನ ಸತ್ತಿದ್ದರು. ಅದೇ ವರ್ಷ ಜಾರಿಗೆ ಬಂದ ಟ್ರೆಡ್ ಕಾಯ್ದೆಯು ಹೊಸ ಗಾಡಿಗಳಲ್ಲಿ ಗಾಳಿ ಇಳಿದದ್ದನ್ನು ತಿಳಿಸುವ ವ್ಯವಸ್ಥೆ ಇರಬೇಕೆಂದು ಆದೇಶಿಸಿತು. 2002ರಲ್ಲಿ ಬಂದ ಮೊದಲ ನಿಯಮ ತಯಾರಕರಿಗೆ ಆಯ್ಕೆಯೊಂದನ್ನು ಕೊಟ್ಟಿತ್ತು: ನಾಲ್ಕೂ ಟೈರುಗಳನ್ನು ಗಮನಿಸುವ ವ್ಯವಸ್ಥೆಯನ್ನಾದರೂ ಇಡಬಹುದು, ಒಂದೇ ಟೈರು ಇಳಿದಾಗ ಮಾತ್ರ ಗುರುತಿಸುವ ಅಗ್ಗದ ವ್ಯವಸ್ಥೆಯನ್ನಾದರೂ ಇಡಬಹುದು. ಕಾಯ್ದೆಯ ಉದ್ದೇಶಕ್ಕೆ ಇದು ಸಲ್ಲದೆಂದು 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದುಗೊಳಿಸಿತು. ನ್ಯಾಯಾಲಯದ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ಮೊಳೆ ಚುಚ್ಚಿದರೆ ಒಂದು ಟೈರು ಇಳಿಯುತ್ತದೆ, ಆದರೆ ಮಾಲೀಕರು ಮರೆತರೆ ನಾಲ್ಕೂ ಇಳಿಯುತ್ತವೆ. ಮೊಳೆಗಿಂತ ಮರೆವೇ ಸಾಮಾನ್ಯ. 2005ರ ನಿಯಮವು ನಾಲ್ಕೂ ಟೈರುಗಳ ನಿಗಾವನ್ನು ಕಡ್ಡಾಯ ಮಾಡಿತು. ಯೂರೋಪಿನಲ್ಲಿ ಹೊಸ ಮಾದರಿಯ ಕಾರುಗಳಿಗೆ 2012ರ ನವೆಂಬರ್‌ನಿಂದ, ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ 2014ರ ನವೆಂಬರ್‌ನಿಂದ ಇದು ಕಡ್ಡಾಯವಾಯಿತು. ಅದಕ್ಕೂ ಮುಂಚೆ, 1986ರಷ್ಟು ಹಿಂದೆಯೇ, ಪೋರ್ಶ 959 ಕಾರಿನಲ್ಲಿ ಇಂಥದ್ದೊಂದು ವ್ಯವಸ್ಥೆ ಇತ್ತು.

ಇನ್ನು ಎಚ್ಚರಿಕೆ ಯಾವಾಗ ಬರುತ್ತದೆ ಎಂಬ ಪ್ರಶ್ನೆ. ಪದವನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಅಮೆರಿಕದ ನಿಯಮದ ಪ್ರಕಾರ, ಟೈರು ತಣ್ಣಗಿರುವಾಗ ಇರಬೇಕೆಂದು ತಯಾರಕರು ಸೂಚಿಸಿದ ಒತ್ತಡಕ್ಕಿಂತ ಶೇ. 25ರಷ್ಟು ಕಡಿಮೆಯಾದರೆ 20 ನಿಮಿಷಗಳ ಒಳಗೆ ದೀಪ ಹೊತ್ತಬೇಕು. ಅಂದರೆ 33 ಪಿಎಸ್‌ಐ ಇರಬೇಕಾದ ಟೈರು 25ರ ಹತ್ತಿರಕ್ಕೆ ಇಳಿಯುವವರೆಗೆ ದೀಪ ಸುಮ್ಮನಿರಬಹುದು. ಆರೋಗ್ಯವಂತ ಟೈರು ಕೂಡ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಗಾಳಿಯನ್ನು ರಬ್ಬರಿನ ಮೂಲಕವೇ ಕಳೆದುಕೊಳ್ಳುತ್ತದೆ. ದೀಪವನ್ನೇ ನಂಬಿ ಕುಳಿತವರು ಹೀಗೆ ಹಲವು ತಿಂಗಳು ಕಡಿಮೆ ಗಾಳಿಯಲ್ಲಿಯೇ ಓಡಿಸುತ್ತಿರಬಹುದು, ಆ ಅವಧಿಯಲ್ಲಿ ಟ್ರೆಡ್ಡಿನ ಎರಡು ಅಂಚುಗಳು ಬೇಗ ಸವೆಯುತ್ತವೆ. ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪಿಎಸ್‌ಐ ತಗ್ಗಿದರೆ ಮೈಲೇಜು ಸುಮಾರು ಶೇ. 0.2ರಷ್ಟು ಕುಸಿಯುತ್ತದೆ ಎಂಬುದು ಅಮೆರಿಕ ಸರ್ಕಾರದ ಇಂಧನ ಇಲಾಖೆಯ ಲೆಕ್ಕ. ಆದ್ದರಿಂದ ದೀಪವು ಹೇಳುವುದು ‘ಗಾಳಿ ಸರಿಯಾಗಿದೆ’ ಎಂದಲ್ಲ, ‘ಅಪಾಯದ ಗೆರೆ ಇನ್ನೂ ದಾಟಿಲ್ಲ’ ಎಂದಷ್ಟೇ. ಅಂಕಿಗಳನ್ನೇ ತೋರಿಸುವ ನೇರ ವ್ಯವಸ್ಥೆ ಇದ್ದವರು ಈ ವಿಷಯದಲ್ಲಿ ಅದೃಷ್ಟವಂತರು.

ಅಂಕಿಗಳನ್ನು ಓದುವುದಕ್ಕೂ ಒಂದು ತಿಳಿವಳಿಕೆ ಬೇಕು. ಬೆಳಿಗ್ಗೆ 27 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಟೈರಿನ ಒಳಗಾಳಿ ಓಡಿ ಓಡಿ 57 ಡಿಗ್ರಿಗೆ ಕಾದರೆ ಅಂಕಿ 37ನ್ನು ದಾಟುತ್ತದೆ. ಇದನ್ನು ಕಂಡು ಗಾಬರಿಯಾಗಿ ಗಾಳಿ ಬಿಡಿಸುವುದು ದೊಡ್ಡ ತಪ್ಪು, ಏಕೆಂದರೆ ಟೈರು ತಣಿದ ಮೇಲೆ ಅಗತ್ಯಕ್ಕಿಂತ ಕಡಿಮೆ ಗಾಳಿ ಉಳಿದಿರುತ್ತದೆ. ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಡಿಸೆಂಬರಿನ ಬೆಳಿಗ್ಗೆ ದೀಪ ಹೊತ್ತಿ, ಹತ್ತಿಪ್ಪತ್ತು ಕಿಲೋಮೀಟರು ಓಡಿದ ಮೇಲೆ ತಾನೇ ಆರಿಹೋದರೆ ಅದು ವ್ಯವಸ್ಥೆಯ ಚಪಲವಲ್ಲ. ಟೈರು ಗೆರೆಯ ಅಂಚಿನಲ್ಲಿತ್ತು, ಚಳಿಗೆ ಕೆಳಗಿಳಿಯಿತು, ಬಿಸಿಗೆ ಮೇಲೇರಿತು. ಆರಿತೆಂದು ಬಿಡದೆ ಗಾಳಿ ಹಾಕಿಸಬೇಕು. ಎತ್ತರದ ಪ್ರಭಾವವೂ ಇದೆ. ಮಂಗಳೂರಿನಲ್ಲಿ ತುಂಬಿಸಿದ ಟೈರನ್ನು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅಷ್ಟೇ ತಾಪಮಾನದಲ್ಲಿ ಅಳೆದರೆ, ಹೊರಗಿನ ವಾತಾವರಣದ ಒತ್ತಡ ಕಡಿಮೆಯಿರುವುದರಿಂದ, ಗೇಜು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ.

ದೀಪವು ಕಾರು ಚಾಲೂ ಆದ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ, ಆಮೇಲೆ ಆರದೆ ಹೊತ್ತಿಕೊಂಡೇ ಇದ್ದರೆ, ಅದು ವ್ಯವಸ್ಥೆಯೇ ಕೆಟ್ಟಿರುವುದರ ಸೂಚನೆ. ಬಹುತೇಕ ಇದು ಸೆನ್ಸರಿನ ಬ್ಯಾಟರಿ ಮುಗಿದದ್ದರಿಂದ ಆಗುತ್ತದೆ. ಐದರಿಂದ ಹತ್ತು ವರ್ಷ ಬಾಳುವ ಆ ಬ್ಯಾಟರಿಯನ್ನು ಸಾಮಾನ್ಯವಾಗಿ ಬೇರೆಯಾಗಿ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುವ ಮೊದಲು ಒಳಗೆ ಸೆನ್ಸರ್ ಇದೆಯೆಂದು ತಪ್ಪದೆ ಹೇಳಬೇಕು, ವಾಲ್ವಿನ ಪಕ್ಕದಲ್ಲಿ ರಾಡು ಹಾಕಿ ಮೀಟಿದರೆ ಅದು ಒಡೆಯುತ್ತದೆ. ಪಂಕ್ಚರು ಮುಚ್ಚಲು ಒಳಗೆ ಸುರಿಯುವ ಕೆಲವು ಅಂಟುದ್ರವಗಳು ಕೂಡ ಸೆನ್ಸರಿನ ಸೂಕ್ಷ್ಮ ರಂಧ್ರವನ್ನು ಕಟ್ಟಿಬಿಡುತ್ತವೆ.

ಭಾರತದಲ್ಲಿ ಈ ಪದಕ್ಕೆ ಕಾನೂನಿನ ತೂಕ ಬಂದದ್ದು 2020ರಲ್ಲಿ. ಮೂರೂವರೆ ಟನ್ ವರೆಗಿನ ಗಾಡಿಗಳಲ್ಲಿ ಟ್ಯೂಬ್‌ಲೆಸ್ ಟೈರುಗಳ ಜೊತೆಗೆ ಟಿಪಿಎಂಎಸ್ ಮತ್ತು ಟೈರು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆ ವರ್ಷ ತಿದ್ದುಪಡಿ ಮಾಡಲಾಯಿತು. ಪಂಕ್ಚರಾದ ಟೈರು ಪೂರ್ತಿ ಕೂತುಹೋಗುವ ಮೊದಲೇ ಚಾಲಕನಿಗೆ ತಿಳಿದರೆ ರಿಪೇರಿ ಕಿಟ್ಟಿನಿಂದ ಸಾಗಬಹುದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಸಣ್ಣ ಮೊಳೆಯ ತೂತಿಗೆ ಇದು ಸಾಕು, ಆದರೆ ಚೂಪುಗಲ್ಲಿಗೆ ಪಕ್ಕದ ಗೋಡೆ ಹರಿದಾಗ ಯಾವ ಕಿಟ್ಟೂ ನೆರವಾಗದು. ಹಾಗಾಗಿ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲೇಬೇಕೆನ್ನುವವರು ನಮ್ಮಲ್ಲಿ ಬಹಳ, ನಾನೂ ಅವರಲ್ಲಿ ಒಬ್ಬ. ಆದರೆ ಸ್ಟೆಪ್ನಿಯೊಳಗೆ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ, ಉರುಳದ ಚಕ್ರದ ಸುತ್ತುಗಳನ್ನು ಎಬಿಎಸ್ ಎಣಿಸಲಾರದು. ತಿಂಗಳಿಗೊಂದು ಪಿಎಸ್‌ಐ ಅಲ್ಲಿಯೂ ಸೋರುತ್ತಿರುತ್ತದೆ, ಅದನ್ನು ಹೇಳುವ ದೀಪ ಯಾವುದೂ ಇಲ್ಲ. ಬಂಕಿನಲ್ಲಿ ನಾಲ್ಕು ಚಕ್ರಗಳ ಗಾಳಿ ನೋಡಿಸಿದ ಮೇಲೆ ಡಿಕ್ಕಿಯನ್ನು ತೆರೆದು ಐದನೆಯದಕ್ಕೂ ಗೇಜು ಹಚ್ಚಿಸಬೇಕು.